ಹೆಲ್ಮೆಟ್ಟಿನೊಳಗಿನ ಬೆಟ್ಟ

ನನ್ನ ತಮ್ಮ ಶಾಂತರಾಜುವಿನ ಹೆಸರೆತ್ತಿದರೆ ಕೊಳ್ಳೇಗಾಲದಲ್ಲಿ ಇವತ್ತಿಗೂ ಜನ ನಗುತ್ತಾರೆ. ನಗಲಿ ಬಿಡಿ. ನಗುವವರಲ್ಲಿ ಅರ್ಧ ಜನ ಅವನ ಹೆಲ್ಮೆಟ್ಟನ್ನು ಪುಕ್ಕಟೆ ಹಾಕಿಕೊಂಡು ನೋಡಿ ಹೋದವರೇ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ನಾವು ಧನಗೆರೆಯವರು. ಎಂಬತ್ತೇಳನೇ ಇಸವಿ ಇರಬೇಕು, ಊರಿನ ಪಂಚಾಯ್ತಿಗೆ ಟೀವಿ ಬಂತು. ಊರೆಲ್ಲ ಮುಂದೆ ಕೂತು ನೋಡಿದರೆ ಇವನೊಬ್ಬ ಟೀವಿಯ ಹಿಂದೆ ಹೋಗಿ ತೂತಿನಲ್ಲಿ ಇಣುಕುತ್ತಿದ್ದ. ಅಪ್ಪ ಬೈದರು, ಬಾರಿಸಿದರು, ಆ ಚಾಳಿ ಹೋಗಲಿಲ್ಲ. ಐಟಿಐ ಮುಗಿಸಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಟೀವಿ ರಿಪೇರಿ ಅಂಗಡಿ ಇಟ್ಟ. ನನ್ನ ಗಂಡನ ಮನೆ ಅಲ್ಲೇ ಇದ್ದುದರಿಂದ ಗಲ್ಲಾದಲ್ಲಿ ನಾನು ಕೂರುತ್ತಿದ್ದೆ.

ಎರಡು ಸಾವಿರದ ಒಂದರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ತಾಳುಬೆಟ್ಟದಿಂದ ನಡೆದೇ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದ ಹೆಂಗಸು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದರೆ ಅದು ಹೋದಂತಲ್ಲ ಎಂದು ಹಠ ಹಿಡಿದಳು. ಆಗ ಹತ್ತಿತು ನನ್ನ ತಮ್ಮನಿಗೆ ಹುಚ್ಚು: ಅವ್ವ ಕೂತಲ್ಲೇ ಬೆಟ್ಟ ಹತ್ತಬೇಕು.

ಕೆಟ್ಟುಹೋದ ವಿಡಿಯೋ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಪುಟ್ಟ ಪರದೆ ಇರುತ್ತದಲ್ಲ, ಅಂಥವೆರಡನ್ನು ಕಿತ್ತು ಮೋಟರ್ ಸೈಕಲ್ ಹೆಲ್ಮೆಟ್ಟಿನೊಳಗೆ ಕೂರಿಸಿದ. ತಲೆ ತಿರುಗಿಸಿದರೆ ಚಿತ್ರವೂ ತಿರುಗಲಿ ಎಂದು ಕಂಪ್ಯೂಟರಿನ ಮೌಸ್ ಬಿಚ್ಚಿ ನೆತ್ತಿಗೆ ಕಟ್ಟಿದ, ಪರದೆಗಳ ವಯರನ್ನೂ ಅಲ್ಲಿಂದಲೇ ಕಂಪ್ಯೂಟರಿಗೆ ಎಳೆದ. ಬೆಟ್ಟದ ದಾರಿಯುದ್ದಕ್ಕೂ ನಿಂತು ನಿಂತು ಸುತ್ತಲೂ ಫೋಟೋ ಹೊಡೆದ, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಲಿದ. ಗರ್ಭಗುಡಿಯಲ್ಲಿ ಫೋಟೋ ತೆಗೆಯುವಂತಿಲ್ಲ, ಅಲ್ಲಿಗೆ ಕ್ಯಾಲೆಂಡರಿನ ಮಾದಪ್ಪನನ್ನು ಅಂಟಿಸಿದ. ಇಷ್ಟಕ್ಕೆ ಎರಡು ವರ್ಷ ಹಿಡಿಯಿತು. ಇದಕ್ಕೆ ವರ್ಚುಯಲ್ ರಿಯಾಲಿಟಿ ಅನ್ನುತ್ತಾರೆ ಎಂದ. ನನಗೆ ನಾಲಿಗೆ ಹೊರಳಲಿಲ್ಲ. ಹಾಕಿಕೊಂಡು ನೋಡಿದರೆ ಎಡಕ್ಕೆ ಕಣಿವೆ, ಬಲಕ್ಕೆ ಬಂಡೆ, ಬೀಳುತ್ತೇನೆಂದು ಕುರ್ಚಿ ಹಿಡಿದುಕೊಂಡೆ.

ಅವ್ವನಿಗೆ ಹಾಕಿದ. ಮರ, ಮಂಟಪ, ತಿರುವು ಎಲ್ಲವನ್ನೂ ಗುರುತು ಹಿಡಿದಳು. ಕೊನೆಗೆ ದೇವರು ಎದುರಿಗೆ ಬಂದ ತಕ್ಷಣ ಕೈಮುಗಿದು ಕಣ್ಣು ಮುಚ್ಚಿದಳು. ಹೆಲ್ಮೆಟ್ಟಿನ ಕೆಳಗೆ ಮೂಗಿನ ಹತ್ತಿರ ಸಂದಿತ್ತು, ಬಗ್ಗಿದರೆ ನಮಗೆ ಕಾಣುತ್ತಿತ್ತು. ಹಾಗೇ ತಲೆ ಬಗ್ಗಿಸಿದಳು ನೋಡಿ, ನೆತ್ತಿಯ ವಯರು ಕಿತ್ತು ಬಂತು. ಕಣ್ಣು ಬಿಟ್ಟವಳಿಗೆ ಕಂಡದ್ದು ಕಗ್ಗತ್ತಲೆ.

ಅವ್ವನ ಅಭ್ಯಾಸವೆಂದು ಸುಮ್ಮನಾದೆವು. ಆದರೆ ಅಂಗಡಿಗೆ ಬಂದವರೆಲ್ಲರದೂ ಅದೇ ಕಥೆ. ಲೊಕ್ಕನಹಳ್ಳಿಯ ರೈತರು, ಯಳಂದೂರಿನ ಬ್ಯಾಂಕಿನವರು, ಪ್ಯಾಂಟು ಹಾಕಿದ ಕಾಲೇಜು ಹುಡುಗಿಯರು, ಯಾರಾದರೂ ಸರಿ. ದಾರಿಯಲ್ಲಿರುವ ಕೋತಿಯನ್ನೆಲ್ಲ ಕಣ್ಣರಳಿಸಿ ನೋಡುವುದು, ದೇವರ ಮುಂದೆ ಕಣ್ಣು ಮುಚ್ಚಿ ಬಗ್ಗುವುದು, ಆಮೇಲೆ ಏನೂ ಕಾಣಲಿಲ್ಲ ಎಂದು ನಮಗೇ ದಬಾಯಿಸುವುದು! ಶಾಂತರಾಜು ಕೈಮುಗಿದು ಬೇಡಿಕೊಂಡ, ಬೋರ್ಡು ಬರೆದು ಹಾಕಿದ, ಕೂಗಾಡಿದ. ವಯರು ಉದ್ದ ಮಾಡಿದ. ಆಗ ಒಬ್ಬ ಹೆಲ್ಮೆಟ್ ಸಮೇತ ಉದ್ದಂಡ ಬಿದ್ದು ಕಂಪ್ಯೂಟರನ್ನೇ ಟೇಬಲ್ಲಿನಿಂದ ಎಳೆದುಬಿಟ್ಟ, ವಯರು ಮತ್ತೆ ಗಿಡ್ಡವಾಯಿತು. ಯಾರ ಹತ್ತಿರ ಹೇಳಿಕೊಳ್ಳುವುದು ಈ ಕರ್ಮವನ್ನು?

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಸುದ್ದಿ ಕೇಳಿ ಮೈಸೂರಿನಿಂದ ಒಬ್ಬ ಸಾಹುಕಾರರು ಬಂದರು. ಮಕ್ಕಳ ಆಟದ ಪಾರ್ಕು ನಡೆಸುತ್ತಿದ್ದವರು, ಇಂಜಿನಿಯರಿಂಗ್ ಓದಿದವರು. ಅವರಿಗೆ ಹಿಡಿಸಿದರೆ ಇಂಥ ಹೆಲ್ಮೆಟ್ಟುಗಳಿಗೆ ಆರ್ಡರು, ತಮ್ಮನ ಹೆಸರಿನಲ್ಲಿ ಕಂಪನಿ. ಹಿಡಿಸದಿದ್ದರೆ ಅಂಗಡಿ ಮುಚ್ಚಿ ಕೇಬಲ್ ಟೀವಿಯವರ ಹತ್ತಿರ ಕೆಲಸಕ್ಕೆ ಸೇರಬೇಕೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಸಾಹುಕಾರರು ಕೂರುವಾಗಲೇ ತಮಗೆ ದೇವರು ಗೀವರು ನಂಬಿಕೆಯಿಲ್ಲ, ಟೆಕ್ನಾಲಜಿ ತೋರಿಸಿ ಸಾಕು ಎಂದರು. ಅಬ್ಬ, ಬದುಕಿದೆವು ಎಂದುಕೊಂಡೆ.

ಕಣಿವೆ ಬಂದಾಗ ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. ತಮ್ಮ ನನ್ನ ಮುಖ ನೋಡಿ ನಕ್ಕ. ಆಮೇಲೆ ಗೋಪುರ, ಬಾಗಿಲು, ದೇವರು. ಸಾಹುಕಾರರ ಎರಡು ಕೈ ನಿಧಾನವಾಗಿ ಮೇಲೆದ್ದು ಕೂಡಿಕೊಂಡವು. ಬಗ್ಗಿ ನೋಡಿದೆ, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ತಲೆ ಬಾಗಿತು, ವಯರು ಕಿತ್ತು ಬಂತು.

ಅವರು ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡು, ದಾರಿಯೇನೋ ಚೆನ್ನಾಗಿದೆ, ಮುಖ್ಯವಾದ ಜಾಗದಲ್ಲೇ ಬರೀ ಕತ್ತಲೆ ಎಂದರು. ನನಗೆ ತಡೆಯಲಾಗಲಿಲ್ಲ.

"ಸಾ, ನೀವು ಕಣ್ ಮುಚ್ಕಂಡ್ರಿ. ನಾ ನೋಡ್ದೆ."

ಅವರ ಮುಖ ಕೆಂಪಾಯಿತು. ತಾವು ಅಂಥವರಲ್ಲವಂತೆ. ಮೆಷೀನಿನ ದೋಷವನ್ನು ಗಿರಾಕಿಯ ತಲೆಗೆ ಕಟ್ಟಬಾರದೆಂದು ನಮಗೇ ಬುದ್ಧಿ ಹೇಳಿ ಕಾರು ಹತ್ತಿದರು. ಹಸಿ ಸುಳ್ಳು. ಇವತ್ತು ಎದುರಿಗೆ ಸಿಕ್ಕರೂ ಮುಖಕ್ಕೆ ಹೊಡೆದಂತೆ ಅದನ್ನೇ ಹೇಳುತ್ತೇನೆ.

ತಮ್ಮ ನನ್ನ ಮೇಲೆ ರೇಗುತ್ತಾನೆಂದು ಕಾಯ್ದೆ. ಅವನು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಿತ್ತ ವಯರನ್ನು ಮತ್ತೆ ಸಿಕ್ಕಿಸುತ್ತ ಕೂತ. ಹಾಗೇ ಕೇಳಿದ:

"ಬರೀ ಚಿತ್ರ ಅನ್ಕಂಡಿದ್ರೆ ಅವ್ರು ಕಣ್ ಮುಚ್ತಿದ್ರಾ ಅಕ್ಕ?"

ಮುಚ್ಚುತ್ತಿರಲಿಲ್ಲ. ನಂಬಿಕೆಯಿಲ್ಲ ಎಂದವರನ್ನೂ ನನ್ನ ತಮ್ಮ ದೇವರ ಮುಂದೆ ನಿಲ್ಲಿಸಿಬಿಟ್ಟಿದ್ದ. ಅದನ್ನು ಹೇಳಿ ಆರ್ಡರು ಕೇಳೋಣವೆಂದರೆ ಕಾರು ಆಗಲೇ ಹೊರಟುಹೋಗಿತ್ತು. ಸೋಮವಾರ ಬೆಳಿಗ್ಗೆ ಶಾಂತರಾಜು ಏಣಿ ಹೊತ್ತುಕೊಂಡು ಕೇಬಲ್ ಎಳೆಯಲು ಹೋದ.