ಖುಲಾಸೆ ಎಂಬ ಮಾತು

ಕತ್ತಲಗೆರೆಯ ಉಡಚಮ್ಮನಿಗೆ ಕೋರ್ಟಿನ ಮಾತುಗಳೆಂದರೆ ಹಾವು ಕಂಡಷ್ಟು ಭಯ. ಗಂಡ ಪರಶುರಾಮ್ ಓಡಿಸುತ್ತಿದ್ದ ಟ್ರ್ಯಾಕ್ಟರ್, ಭತ್ತದ ನಾಟಿ ಮುಗಿಸಿದ ಹೆಂಗಸರನ್ನು ಕರೆತರುವಾಗ ನಾಲೆಗೆ ಉರುಳಿ, ಅವರ ಬೀದಿಯ ಮಾಲಾ ಎಂಬ ಹುಡುಗಿ ತೀರಿಕೊಂಡಳು. ಆ ಮಾತುಗಳು ಮನೆಗೆ ಬಂದದ್ದು ಅಂದಿನಿಂದ. ಪೊಲೀಸರು ನಾಲೆಯ ಜಾಗ ಅಳೆದು ಬರೆದುಕೊಂಡು 'ಮಹಜರು' ಎಂದರು. ಟ್ರ್ಯಾಕ್ಟರನ್ನು 'ಮುದ್ದೆಮಾಲು' ಎಂದು ಎಳೆದೊಯ್ದರು. ಪರಶುರಾಮ್ ಜಾಮೀನಿನ ಮೇಲೆ ಮನೆಗೆ ಬಂದ. ಯಾವುದರ ಅರ್ಥವನ್ನೂ ಆಕೆ ಕೇಳಲಿಲ್ಲ. ಕೇಳಿದರೆ ಇನ್ನೇನು ಕೇಡು ಹೊರಬೀಳುತ್ತದೋ ಎಂಬ ದಿಗಿಲು. ಬೀದಿಯಲ್ಲಿ ಬೈಕ್ ನಿಂತ ಸದ್ದಾದರೂ ಒಲೆ ಬಿಟ್ಟೆದ್ದು ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

ತೀರ್ಪಿನ ದಿನ ಇಬ್ಬರೂ ಚನ್ನಗಿರಿಯ ಬಸ್ಸು ಹತ್ತಿದರು. ಕೋರ್ಟಿನ ಒಳಗೆ ಹೋಗುವಾಗ ಪರಶುರಾಮ್, "ನಾನು ಹೊರಗೆ ಬರ್ದೇ ಇದ್ರೆ ಊರಿಗೆ ಒಬ್ಳೇ ಹೋಗ್ಬೇಡ. ನಿಮ್ಮಣ್ಣನ್ನ ಕರೆಸ್ಕ" ಎಂದ.

ಉಡಚಮ್ಮ ವರಾಂಡದ ಕಂಬ ಹಿಡಿದು ನಿಂತಳು. ಬಾಗಿಲಲ್ಲಿ ಜನ ಮುತ್ತಿದ್ದರಿಂದ ಒಳಗಿನದೇನೂ ಕೇಳಿಸಲಿಲ್ಲ. ಕೊನೆಗೆ ಹೊರಬಂದವನೊಬ್ಬ ಪಕ್ಕದವನಿಗೆ, "ಆ ಟ್ರ್ಯಾಕ್ಟರ್ ಡ್ರೈವರಂದು ಖುಲಾಸೆ ಆತು" ಎಂದ.

ಆಕೆಯ ಕಿವಿಗೆ ಬಿದ್ದದ್ದು 'ಖಲಾಸ್'. ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸ್ಟ್ರೆಚರ್ ತಳ್ಳುವವನು ಬಂದು, "ನಿಮ್ಮಪ್ಪಂದು ಖಲಾಸ್ ಆತಮ್ಮ" ಎಂದಿದ್ದ. ಖಲಾಸ್ ಎಂದರೆ ಸಾವು ಎಂದಷ್ಟೇ ಆಕೆಗೆ ಗೊತ್ತಿದ್ದದ್ದು. ಹಿಂದಿನ ಬಾಗಿಲಿಂದ ಕರೆದೊಯ್ದರೇನೋ, ಮುಖ ನೋಡಾಕೂ ಬಿಡಲಿಲ್ಲವಲ್ಲ ಎನ್ನುತ್ತ ಕಂಬದ ಬುಡದಲ್ಲಿ ಕುಸಿದಳು.

ಅವರ ವಕೀಲೆ ಜ್ಯೋತಿಲಕ್ಷ್ಮಿ ಓಡಿ ಬಂದರು. "ಯಾಕಮ್ಮ ಹಿಂಗೆ ಕುಂತ್ರಿ?"

"ಗಲ್ಲಿಗೆ ಯಾವತ್ತು ಹಾಕ್ತಾರ್ರೀ ಮೇಡಂ?"

ವಕೀಲೆ ನಗಲಿಲ್ಲ. ಪಕ್ಕದಲ್ಲೇ ಕುಳಿತು ಹೇಳಿದರು: "ಗಲ್ಲಲ್ಲಮ್ಮ. ಖುಲಾಸೆ ಅಂದ್ರೆ ಬಿಡುಗಡೆ. ಹಳೇ ಕಾಲದ ಕಚೇರಿ ಮಾತು ಅದು. ತಪ್ಪು ರುಜುವಾತಾಗ್ಲಿಲ್ಲ, ಅದಕ್ಕೆ ಬಿಟ್ರು."

ಅವರ ಹಿಂದೆ ಪರಶುರಾಮ್ ನಿಂತಿದ್ದ. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ.

ಬಸ್ಸು ಊರು ಸಮೀಪಿಸಿದಂತೆ ಇನ್ನೊಂದು ಭಯ ಉಡಚಮ್ಮನನ್ನು ಹಿಡಿಯಿತು. ಮಾಲಾಳ ತಾಯಿ ದ್ಯಾಮಮ್ಮನಿಗೆ ಏನು ಹೇಳುವುದು?

ಬೆಳಗ್ಗೆ ದ್ಯಾಮಮ್ಮನೇ ಬಾಗಿಲಿಗೆ ಬಂದಳು. "ಖುಲಾಸೆ ಅಂದ್ರಂತಲ್ಲೇ. ಹಂಗಂದ್ರೆ ಏನು? ಅವನ್ದೇನೂ ತಪ್ಪಿಲ್ಲ ಅಂತನಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಒಳಗೆ ಪರಶುರಾಮ್ ಲೋಟ ಕೆಳಗಿಟ್ಟ ಸದ್ದಾಯಿತು.

"ಹಂಗಲ್ಲತ್ತೆ. ಬಿಟ್ರು ಅಂತ ಅಷ್ಟೇ. ತಪ್ಪು ರುಜುವಾತಾಗ್ಲಿಲ್ಲ ಅಂತ. ನಂಗೆ ಹೇಳಿದ್ದು ಇಷ್ಟೇ."

ಈಗ ಕೂಗಾಡುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಉಡಚಮ್ಮ ಮೈಯನ್ನೆಲ್ಲ ಬಿಗಿಹಿಡಿದಳು. ದ್ಯಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನಾರ ಇದ್ದಿದ್ದು ಇದ್ದಂಗೆ ಹೇಳಿದೆ," ಎಂದಳು. "ಅವನು ನನ್ ಕಣ್ಣಿಗೆ ಬೀಳೋದು ಬ್ಯಾಡ. ನಾಳೆಯಿಂದ ನಾಟಿಗೆ ನಡಕೊಂಡೇ ಹೋಗ್ತೀನಿ. ಬರಂಗಿದ್ರೆ ನೀನೂ ಬಾ."

ಉಡಚಮ್ಮ ಹೋದಳು. ಪರಶುರಾಮ್ ಟ್ರ್ಯಾಕ್ಟರ್ ಬಿಟ್ಟು ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಗದ್ದೆಯ ದಾರಿಯಲ್ಲಿ ದ್ಯಾಮಮ್ಮ ಮುಂದೆ, ಉಡಚಮ್ಮ ಹಿಂದೆ. ಆ ಬೆನ್ನು ಯಾವ ಗಳಿಗೆಯಲ್ಲಿ ತಿರುಗಿ ಇನ್ನೇನು ಕೇಳುತ್ತದೋ ಎಂಬ ಅಳುಕು ಇವತ್ತಿಗೂ ಆಕೆಯನ್ನು ಬಿಟ್ಟಿಲ್ಲ.