ಮಾನ್ಸಾ ಅಮ್ಮನ ಬಲಗೈ

ಎಬೊ ಎದುರಿನವರ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವನ ಕಣ್ಣು ಯಾವಾಗಲೂ ಅವರ ಕೈ ಮೇಲೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. "ನನ್ನ ಕೈಯಲ್ಲೇನು ಕದ್ದ ಮಾಲಿದೆಯೇನೋ?" ಎಂದು ಒಮ್ಮೆ ಗದರಿದೆ. "ಇಲ್ಲಕ್ಕ, ಸುಳ್ಳು ಹೇಳೋವಾಗ ನೀನು ಹೆಬ್ಬೆರಳು ಮಡಚ್ಕೋತೀಯ, ಅದನ್ನ ನೋಡ್ತಿದ್ದೆ," ಅಂದ. ಅಂಥವನ ಮೇಲೆ ಎಷ್ಟು ದಿನ ಸಿಟ್ಟಿಟ್ಟುಕೊಳ್ಳಲಿ?

ನಮ್ಮೂರು ಸೆಕೊಂಡಿಯ ಬಂದರಿನ ಹತ್ತಿರ, ಮೀನಿನ ಕೋಲ್ಡ್ ಸ್ಟೋರೇಜಿನ ಮೇಲಿನ ಕೋಣೆಯಲ್ಲಿ ನಾವು ಮೊಬೈಲ್ ಆಟ ಮಾಡುತ್ತಿದ್ದೆವು. ಯಜಮಾನ ಫೀಫಿ, ಬಣ್ಣ ತುಂಬುವ ನಾನು, ಗೊಂಬೆಗಳಿಗೆ ಜೀವ ಕೊಡುವ ಎಬೊ. ಇದ್ದದ್ದು ಒಂದೇ ಕಂಪ್ಯೂಟರು. ಅದು ಕಾದರೆ ಇದ್ದೊಂದು ಫ್ಯಾನನ್ನು ಅದರ ಕಡೆ ತಿರುಗಿಸಿ ನಾವು ಬೆವರಬೇಕು. ನಮ್ಮ ಆಟ ತೀರಾ ಅಗ್ಗದ ಫೋನಿನಲ್ಲೂ ಓಡಬೇಕಿತ್ತು. ಅದಕ್ಕೇ ಪ್ರತಿ ಗೊಂಬೆಗೆ ಆರೇ ಚಿತ್ರ, ಅದೂ ಬಲಕ್ಕೆ ಮುಖ ಮಾಡಿದ್ದು ಮಾತ್ರ. ಎಡಕ್ಕೆ ತಿರುಗಬೇಕಾದರೆ ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುವುದು. ಅರ್ಧ ಕೆಲಸ, ಅರ್ಧ ಜಾಗ.

ಆ ಆರರಲ್ಲಿ ಎಬೊ ತನ್ನ ತಾಯಿಯನ್ನು ತಂದು ನಿಲ್ಲಿಸಿದ. ಮಾನ್ಸಾ ಅಮ್ಮ ಬಂದರಿನ ದಾರಿಯಲ್ಲಿ ಕೆಂಕೆ ಮಾರುವವಳು: ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಹುಳಿಹಿಟ್ಟಿನ ಉಂಡೆ, ಜೊತೆಗೆ ಮೆಣಸಿನ ಚಟ್ನಿ, ಕರಿದ ಮೀನು. ನಾಲಿಗೆ ಅವಳ ಚಟ್ನಿಗಿಂತ ಖಾರ. ಗಿರಾಕಿಗೆ ಪೊಟ್ಟಣ ಕೊಡುವ ಮುಂಚೆ ಬಲಗೈಯನ್ನು ಸೊಂಟದ ಬಟ್ಟೆಗೆ ಒರೆಸಿ, ಒಂದು ಗಳಿಗೆ ತಡೆದು, ಆಮೇಲೆ ಚಾಚುವಳು. ಎಬೊ ಅವಳ ನಡಿಗೆಯನ್ನೇ ಕೈಬಿಟ್ಟು ಆ ಒರೆಸುವುದನ್ನು ಉಳಿಸಿಕೊಂಡ. "ತಡೆಯೋದಕ್ಕೆ ಬೇರೆ ಚಿತ್ರ ಬೇಡಕ್ಕ. ಅದೇ ಚಿತ್ರ ಸ್ವಲ್ಪ ಹೊತ್ತು ನಿಂತ್ರೆ ಸಾಕು. ಪುಕ್ಕಟೆ!" ಅಂದ. ನೋಡಿದರೆ ಗೊಂಬೆ ಉಸಿರಾಡುತ್ತಿತ್ತು.

ಅಷ್ಟರಲ್ಲಿ ಮಾನ್ಸಾ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು.

ನಮ್ಮಲ್ಲಿ ಎಡಗೈಯಲ್ಲಿ ಕೊಟ್ಟರೆ ಮುಖಕ್ಕೆ ಉಗಿದ ಹಾಗೆ. ಆದರೆ ಗತಿಯಿಲ್ಲದಾಗ "ಎಡಗೈ, ಕ್ಷಮಿಸಿ" ಅಂದು ಕೊಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ನೆರೆಹೊರೆಯವರೆಲ್ಲ ಹಾಗೇ ಮಾಡು ಅಂದರು. "ದಿನವಿಡೀ ಕಂಡಕಂಡೋರ ಹತ್ರ ಕ್ಷಮೆ ಕೇಳೋದಕ್ಕೆ ನಾನೇನು ಕಳ್ಳಿಯಾ?" ಎಂದು ಅವಳು ಅಂಗಡಿಯನ್ನೇ ಮುಚ್ಚಿದಳು. ಮನೆಯಲ್ಲೂ ಅಷ್ಟೇ. ಏನಾದರೂ ಕೊಡಬೇಕಾದರೆ ಚಾಪೆಯ ಮೇಲಿಡುವಳು, ಬೇಕಾದವರು ಎತ್ತಿಕೊಳ್ಳಬೇಕು. ಕೂತಲ್ಲೇ ಸೊರಗಿ ಕಡ್ಡಿಯಾದಳು. ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಎಬೊಗೆ ಒಂದೇ ಹಟ. ತನ್ನ ಅಂಗಡಿಯಲ್ಲಿ ತಾನು ನಿಂತಿರುವುದನ್ನು ಆಟದಲ್ಲಾದರೂ ಅವಳು ನೋಡಿ ಹೋಗಬೇಕು.

ಮೊದಲ ಸಲ ತೋರಿಸಿದಾಗ ನಾನೂ ಜೊತೆಗಿದ್ದೆ. ಆಟದಲ್ಲಿ ಕೆಂಕೆ ಕೊಳ್ಳುವ ಬೆಸ್ತ ಬಲಗಡೆಯಿಂದ ಬಂದ. ಗೊಂಬೆ ಕೈ ಒರೆಸಿ, ತಡೆದು, ಕೊಟ್ಟಿತು. ಮಾನ್ಸಾ ಅಮ್ಮನ ನೆಟ್ಟಗಿದ್ದ ಅರ್ಧ ಬಾಯಿ ನಕ್ಕಿತು. ಆಮೇಲೆ ಬೆಸ್ತ ಎಡಗಡೆಯಿಂದ ಬಂದ. ಚಿತ್ರ ಮಗುಚಿತು. ಒರೆಸಿದ್ದು ಎಡಗೈ, ಚಾಚಿದ್ದೂ ಎಡಗೈ. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ, ಕೈ ನೋಡುವುದೇ ಕಸುಬಾಗಿದ್ದ ಎಬೊಗೂ.

"ಯಾರಿವಳು?" ಅಂದಳು.

"ನೀನೇ ಅಮ್ಮ..."

"ನಾನಲ್ಲ. ಯಾವಳೋ ಮಾನಗೆಟ್ಟೋಳು."

ಫೋನನ್ನು ಚಾಪೆಯ ಮೇಲಿಟ್ಟು ಗೋಡೆಗೆ ಮುಖ ಮಾಡಿದಳು. ಎಬೊ ಅದನ್ನೆತ್ತಿಕೊಂಡು ನೇರ ಕೋಣೆಗೆ ಹೋಗಿ, ಎಡಕ್ಕೆ ಬೇರೆಯೇ ಚಿತ್ರ ಬರೆಯುತ್ತೇನೆ ಅಂದ.

"ಇನ್ನೂ ಆರು ಚಿತ್ರ ತುರುಕಿದ್ರೆ ಆ ಫೋನ್‌ಗಳು ಸತ್ತೇಹೋಗ್ತವೆ," ಅಂದ ಫೀಫಿ. "ಎಡಕ್ಕೆ ತಿರುಗಿದಾಗ 'ಎಡಗೈ, ಕ್ಷಮಿಸಿ' ಅಂತ ತಲೆ ಮೇಲೆ ಬರೆದ್ಬಿಡು. ಅಕ್ಷರಕ್ಕೇನು ಮಹಾ ಜಾಗ ಬೇಕು? ಜನ ನಕ್ಕು, ಇವಳು ನಮ್ಮೋಳೇ ಅಂತಾರೆ." ನನಗೆ ಹಿಡಿಸದಿದ್ದರೂ ಉಪಾಯ ಒಳ್ಳೆಯದೇ ಅನ್ನಬೇಕು.

"ಬೇರೆ ಯಾರ ಅಮ್ಮನಾದ್ರೂ ಹಾಗಂತಾಳೆ. ನಮ್ಮಮ್ಮ ಅನ್ನಲ್ಲ," ಅಂದ ಎಬೊ.

ಕೊನೆಗೆ ಅವನು ತಿರುಗುವುದನ್ನೇ ಕಿತ್ತುಹಾಕಿದ. ಎಡಗಡೆ ನಿಂತರೆ ಅವಳು ಕೊಡುವುದಿಲ್ಲ. ಈ ಕಡೆ ಬಾ ಎಂಬಂತೆ ಗಲ್ಲ ಎತ್ತುತ್ತಾಳೆ, ಅಷ್ಟೇ. ಗಿರಾಕಿಯೇ ಸುತ್ತಿ ಬಲಕ್ಕೆ ಬರಬೇಕು. "ಆಟ ಕೆಟ್ಟಿದೆ ಅಂತಾರಲ್ಲೋ!" ಎಂದು ಫೀಫಿ ಕೂಗಾಡಿದ. "ಕೆಟ್ಟಿಲ್ಲ. ಸುತ್ತಿ ಬರಲಿ, ಕಾಲು ಸವೆಯಲ್ಲ," ಅಂದ ಎಬೊ. ಇದನ್ನು ಬದಲಿಸಿದರೆ ಕೆಲಸ ಬಿಡುತ್ತೇನೆ ಅಂದಮೇಲೆ ಫೀಫಿ ಸುಮ್ಮನಾದ.

ಮತ್ತೆ ಹೋದೆವು. ಮಾನ್ಸಾ ಅಮ್ಮ ಗೋಡೆಗೆ ಒರಗಿದ್ದಳು, ಮಾತು ಅರ್ಧಂಬರ್ಧ. ಎಬೊ ಫೋನನ್ನು ಅವಳ ಎಡ ಅಂಗೈಯಲ್ಲಿಟ್ಟು ಬೆರಳಾಡಿಸಿದ. ಬೆಸ್ತ ಎಡಗಡೆಯಿಂದ ಬಂದು ನಿಂತ. ಗೊಂಬೆ ಗಲ್ಲ ಎತ್ತಿತು. ಅವನು ಸುತ್ತಿ ಬಂದ. ಒರೆಸಿತು, ತಡೆಯಿತು, ಬಲಗೈಯಲ್ಲಿ ಕೊಟ್ಟಿತು. ಇನ್ನೊಮ್ಮೆ ತೋರಿಸು ಅಂದಳು. ಮತ್ತೂ ಒಮ್ಮೆ.

"ಹೂಂ. ಇವಳು ನಾನು."

ಎಬೊ ಫೋನನ್ನು ಎತ್ತಿಕೊಳ್ಳಲು ಎಂದಿನಂತೆ ಚಾಪೆಯ ಕಡೆ ಬಾಗಿದ. ಅವಳು ಅಲ್ಲಿಡಲಿಲ್ಲ. ಮಡಿಲಲ್ಲಿಟ್ಟಳು. ಎಡಗೈಯನ್ನು ಸೊಂಟದ ಬಟ್ಟೆಗೆ ಒರೆಸಿದಳು. ಒಂದು ಗಳಿಗೆ ತಡೆದಳು. ಆಮೇಲೆ ಫೋನನ್ನು ತೆಗೆದು ಅವನ ಕಡೆ ಚಾಚಿದಳು.

"ಎಡಗೈ ಕಣಪ್ಪ. ಕ್ಷಮಿಸು."

ಎಬೊ ಮಗುವಿನ ಹಾಗೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬೇಡಮ್ಮ, ಚಾಪೆ ಮೇಲಿಡು ಅನ್ನಬೇಕೆನಿಸಿತು ನನಗೆ.

"ಕೈ ಸೋಲ್ತಿದೆ. ತಗೊಳ್ಳೋ," ಅಂದಳು.

ತೆಗೆದುಕೊಂಡ. ಆ ವಾರವೇ ಅವಳು ತೀರಿಕೊಂಡಳು.

ಆಟ ಈಗ ಊರವರ ಫೋನುಗಳಲ್ಲಿದೆ. ಕೆಂಕೆಯವಳು ಎಡಗಡೆ ಬಂದರೆ ಕೊಡುವುದಿಲ್ಲ, ಸರಿಮಾಡಿ ಎಂದು ದೂರು ಬರುತ್ತಲೇ ಇರುತ್ತದೆ. ಎಬೊ ಯಾವುದಕ್ಕೂ ಉತ್ತರಿಸುವುದಿಲ್ಲ. ಈಗೀಗ ಅವನು ನಮ್ಮ ಮುಖ ನೋಡಿಯೇ ಮಾತಾಡುತ್ತಾನೆ, ಕೈಯ ಕಡೆ ಕಣ್ಣು ಹೊರಳಿಸುವುದಿಲ್ಲ. ಹೊಸ ಆಟಕ್ಕೆ ಅವನು ಮಾಡಿದ ಗೊಂಬೆಗಳು ನೋಡಲು ಚೆನ್ನಾಗಿವೆ. ಒಂದೂ ಉಸಿರಾಡುವುದಿಲ್ಲ.