ಇಂಟರ್ನೆಟ್ ಇದೆ ಅಂತ ಬರೆದವರು

ಯಾರಾದರೂ ನನ್ನ ಮುಂದೆ ‘ಡಿಜಿಟಲ್ ಶಿಕ್ಷಣ’ ಅಂದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ. ವೈಟ್‌ಫೀಲ್ಡ್ ಕಡೆ, ದೊಡ್ಡ ಐಟಿ ಪಾರ್ಕೊಂದರ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತಿದ್ದ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಒಂಬತ್ತು ವರ್ಷ ಗಣಿತ ಕಲಿಸಿದೆ. ಆಗಿನ್ನೂ ಆ ಕಡೆ ಮೆಟ್ರೋ ಕಂಬ ಎದ್ದಿರಲಿಲ್ಲ. ಕಾಡುಗೋಡಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಶಾಲೆ ಮುಟ್ಟುವಷ್ಟರಲ್ಲಿ ನನಗೆ ಅರ್ಧ ಸಿಟ್ಟು ಬಂದಿರುತ್ತಿತ್ತು, ಉಳಿದರ್ಧ ಸ್ಟಾಫ್ ರೂಮಿನಲ್ಲಿ ಬರುತ್ತಿತ್ತು.

ಒಂದು ಶನಿವಾರ ಪಕ್ಕದ ಪಾರ್ಕಿನ ಒಂದು ಕಂಪನಿಯವರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ದಂಡು ಕಟ್ಟಿಕೊಂಡು ಬಂದರು. ನಮ್ಮ ಗೋಡೆಗೆ ಚಿಟ್ಟೆ ಬರೆದರು. ಯಾರೂ ಕೇಳದ ಸಸಿ ನೆಟ್ಟರು, ಅದಕ್ಕೆ ನೀರು ಹಾಕುವ ಕೆಲಸ ನಮಗೆ ಬಿಟ್ಟರು. ಮತ್ತೆ ಹನ್ನೆರಡು ಕಂಪ್ಯೂಟರ್ ಕೊಟ್ಟರು. ಗೋಡೆಯುದ್ದಕ್ಕೂ ಬಿಳಿ ಪಟ್ಟಿ ಬಡಿದು ಅದರೊಳಗೆ ನೀಲಿ ವೈರು ಎಳೆದರು. ಹನ್ನೆರಡೂ ವೈರು ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಗೆ ಹೋಗಿ ಸೇರಿದವು. ಆ ಪೆಟ್ಟಿಗೆಯಿಂದ ಹೊರಗೆ ಮಾತ್ರ ಒಂದೇ ಒಂದು ಎಳೆ ಹೋಗಲಿಲ್ಲ. ಮನೆ ತುಂಬ ನಲ್ಲಿ ಕೂರಿಸಿ ಟ್ಯಾಂಕಿಗೆ ಪೈಪು ಹಾಕದೆ ಹೊರಟ ಹಾಗೆ.

“ಇಂಟರ್ನೆಟ್ಟು ಎಲ್ಲಿಂದ ಬರುತ್ತೆ?” ಅಂತ ಕೇಳಿದೆ.

“ಅದು ನೆಕ್ಸ್ಟ್ ಫೇಸ್ ಮೇಡಂ,” ಅಂದಳು ಕ್ಯಾಮೆರಾ ಹಿಡಿದಿದ್ದ ಹುಡುಗಿ. “ನೀವು ಸ್ವಲ್ಪ ಮಕ್ಕಳ ಪಕ್ಕ ನಿಂತ್ಕೊಳ್ತೀರಾ? ಸ್ಮೈಲ್ ಮಾಡಿ.”

ನಾನು ನಗಲಿಲ್ಲ. ಆ ಫೋಟೋದಲ್ಲಿ ನಾನೊಬ್ಬಳೇ ಯಾರನ್ನೋ ಬೈಯುವ ಮುಖ ಮಾಡಿಕೊಂಡು ನಿಂತಿದ್ದೇನೆ. ನೆಕ್ಸ್ಟ್ ಫೇಸು ಬರಲೇ ಇಲ್ಲ.

ನಮ್ಮ ಹೆಡ್‌ಮಾಸ್ಟರು ಆ ಕೋಣೆಗೆ ಬೀಗ ಜಡಿದು ಬೀಗದಕೈಯನ್ನು ಜನಿವಾರಕ್ಕೇ ಕಟ್ಟಿಕೊಂಡರು. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಹೊಲಿಗೆ ಟೀಚರಿಂದ ಒಂದೊಂದು ಕಂಪ್ಯೂಟರಿಗೂ ಹೂವಿನ ಬಟ್ಟೆಯ ಗವಸು ಹೊಲಿಸಿದರು. ಆಯುಧಪೂಜೆಯ ದಿನ ಹನ್ನೆರಡಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಮಕ್ಕಳು ವಾರಕ್ಕೊಂದು ಪೀರಿಯಡ್ ಒಳಗೆ ಹೋಗಿ ಪರದೆಯ ಮೇಲೆ ಮನೆ, ಗುಡ್ಡ, ಸೂರ್ಯ ಬರೆದು, ಅಳಿಸಿ, ಹೊರಗೆ ಬರುತ್ತಿದ್ದರು. ಹೊರಗೆ ಬಂದವರು ಕಿಟಕಿಯಿಂದ ನೋಡಿದರೆ ಗಾಜಿನ ಕಟ್ಟಡಗಳು, ಅವುಗಳ ನೆತ್ತಿಯ ಮೇಲೆ ಡಿಶ್ಶು, ಆ್ಯಂಟೆನಾ. ನಮಗೂ ಅವರಿಗೂ ನಡುವೆ ಒಂದೇ ಒಂದು ಗೋಡೆ.

ಈಗ ಆ ಫಾರಮ್ಮಿನ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಇಲಾಖೆಯಿಂದ ಸೌಲಭ್ಯಗಳ ಫಾರಂ ಬರುತ್ತದೆ. ಕುಡಿಯುವ ನೀರು, ಶೌಚಾಲಯ, ಆಟದ ಮೈದಾನ, ಹೀಗೆ ಪಟ್ಟಿ. ಎದುರಿಗೆ ಮೂರು ಕಾಲಂ: ‘ಹೌದು’, ‘ಇಲ್ಲ’, ‘ಇಲ್ಲವಾದಲ್ಲಿ ಕಾರಣ ಮತ್ತು ಕೈಗೊಂಡ ಕ್ರಮ’. ಮೇಷ್ಟ್ರಾದವರಿಗೆಲ್ಲ ಗೊತ್ತು ಇದರ ಮರ್ಮ. ‘ಹೌದು’ ಅಂದರೆ ಒಂದು ಗೀಟು, ಕೆಲಸ ಮುಗಿಯಿತು. ‘ಇಲ್ಲ’ ಅಂದಿರೋ, ಕಾರಣ ಬರೀಬೇಕು, ಕ್ರಮ ಬರೀಬೇಕು, ಆಮೇಲೆ ಅದರ ಬೆನ್ನಿಗೊಂದು ಪತ್ರ, ಪತ್ರಕ್ಕೊಂದು ಜ್ಞಾಪನ, ಜ್ಞಾಪನಕ್ಕೆ ಸಮಜಾಯಿಷಿ. ನಮ್ಮ ತಾಲ್ಲೂಕಿನ ಎಷ್ಟು ಶಾಲೆಗಳಲ್ಲಿ ಆಟದ ಮೈದಾನ ಬರೀ ಫಾರಮ್ಮಿನಲ್ಲೇ ಇತ್ತೋ ದೇವರೇ ಬಲ್ಲ.

ಆ ವರ್ಷ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿತ್ತು: ‘ಕಂಪ್ಯೂಟರ್ ಕೊಠಡಿಯಲ್ಲಿ ಇಂಟರ್ನೆಟ್ ಸಂಪರ್ಕ’. ಕಂಪ್ಯೂಟರ್ ಕೊಠಡಿ ನನ್ನ ತಲೆಗೆ ಕಟ್ಟಿದ್ದರು, ಗಣಿತದವಳು ಅಂತ. ಪೆನ್ನು ಹಿಡಿದುಕೊಂಡು ಹೆಡ್‌ಮಾಸ್ಟರ ಮುಖ ನೋಡಿದೆ.

“ವೈರ್ ಇದೆಯೇನಮ್ಮ?” ಅಂದರು.

“ವೈರ್ ಇದೆ ಸಾರ್.”

“ಮತ್ತೇನು? ಹೌದು ಅಂತ ಹಾಕು. ಇಲ್ಲ ಅಂದ್ರೆ ಕಂಪ್ಯೂಟರೇ ವಾಪಸ್ ತಗೊಂಡು ಹೋಗ್ತಾರೆ.”

ನಾನು ‘ಹೌದು’ ಅಂತ ಗೀಟು ಹಾಕಿದೆ, ಕೆಳಗೆ ಸಹಿ ಮಾಡಿದೆ. ಅವರೂ ಮಾಡಿದರು. ಎಷ್ಟು ಹೊತ್ತು ಹಿಡಿದಿರಬಹುದು? ಒಂದು ಸೀನು ಸೀನುವಷ್ಟು ಹೊತ್ತೂ ಹಿಡಿಯಲಿಲ್ಲ.

ಅದೇ ವರ್ಷ ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಯಾದಗಿರಿ ಕಡೆಯವಳು. ಅಪ್ಪ ಕೇಬಲ್ ಹಾಕಲು ರಸ್ತೆ ಬದಿ ಕಾಲುವೆ ತೋಡುವವನು, ಅವ್ವ ಮಣ್ಣು ಹೊರುವವಳು. ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿಡಾರ. ಅವಳು ಲೆಕ್ಕವನ್ನು ತಲೆಯಲ್ಲೇ ಬಿಡಿಸಿ, ನಾನು ಗದರಿದ ಮೇಲೆ ಹಂತಗಳನ್ನು ಬರೆಯುತ್ತಿದ್ದಳು, ಅದೂ ನನ್ನ ಸಮಾಧಾನಕ್ಕೆ. ಒಂಬತ್ತು ವರ್ಷದಲ್ಲಿ ಅಂಥ ತಲೆ ಇನ್ನೊಂದು ಕಾಣಲಿಲ್ಲ. ಅವಳ ಮುಂದೆ ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪಲು ಹೆದರುತ್ತಿದ್ದೆ.

ಸರ್ಕಾರಿ ಶಾಲೆಯ ಮಕ್ಕಳಿಗೆಂದೇ ಒಂದು ಟ್ರಸ್ಟು ಪಿಯುಸಿ ಕಾಲೇಜು ನಡೆಸುತ್ತಿತ್ತು. ಸೈನ್ಸು, ಹಾಸ್ಟೆಲ್ಲು, ಊಟ ಎಲ್ಲಾ ಅವರದೇ. ಒಂದು ಪ್ರವೇಶ ಪರೀಕ್ಷೆ ಪಾಸಾಗಬೇಕು, ಅಷ್ಟೇ. ಅವಳಿಗೆ ಹೇಳಿದೆ. ಕಣ್ಣು ಅಗಲ ಮಾಡಿ ಕೇಳಿಸಿಕೊಂಡಳು.

“ನಮ್ಮಪ್ಪನ ಕೆಲಸ ಇಲ್ಲಿ ಮುಗೀತೈತ್ರಿ ಟೀಚರ್. ಮುಂದ ಪೀಣ್ಯಾದ ಕಡಿ ಹೊಂಟಾರ. ಹಾಸ್ಟೆಲ್ ಸಿಕ್ರ ನಾ ಓದತೀನ್ರಿ. ಇಲ್ಲಂದ್ರ ಅವ್ವನ ಕೂಡ ಬುಟ್ಟಿ ಹೊರೂದೇ.”

ಇಷ್ಟು ನೇರ. ಅಳುವೂ ಇಲ್ಲ, ಗೋಳೂ ಇಲ್ಲ. ಇವಳನ್ನು ಆ ಕಾಲೇಜಿಗೆ ಸೇರಿಸದಿದ್ದರೆ ನಾನು ಟೀಚರೇ ಅಲ್ಲ ಅಂತ ಅವತ್ತೇ ನಿರ್ಧಾರ ಮಾಡಿದೆ. ನಾಲ್ಕು ತಿಂಗಳು, ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ ಕೂರಿಸಿ ತಯಾರಿ ಮಾಡಿಸಿದೆ.

ಪರೀಕ್ಷೆಗೆ ಮೂರು ವಾರ ಇರುವಾಗ, ಇಲಾಖೆಯ ಆ ಫಾರಂಗಳನ್ನೇ ನೋಡಿ ಟ್ರಸ್ಟಿನವರು ಮಾಡಿದ ಕೇಂದ್ರಗಳ ಪಟ್ಟಿ ಬಂತು. ಇಂಟರ್ನೆಟ್ ಇಲ್ಲದ ಶಾಲೆಯ ಮಕ್ಕಳಿಗೆ ಬೇರೆ ಕಡೆ, ಪೇಪರಿನ ಮೇಲೆ ಪರೀಕ್ಷೆ. ಇಂಟರ್ನೆಟ್ ಇರುವ ಶಾಲೆಯವರಿಗೆ ಅವರ ಶಾಲೆಯಲ್ಲೇ, ಕಂಪ್ಯೂಟರಿನಲ್ಲಿ. ನಮ್ಮ ಶಾಲೆಯ ಹೆಸರು ಎರಡನೇ ಪಟ್ಟಿಯಲ್ಲಿ ಥಳಥಳ ಹೊಳೆಯುತ್ತಿತ್ತು.

ಓಡಿದೆ ಇಲಾಖೆಯ ಕಚೇರಿಗೆ. ಗುಮಾಸ್ತ ಫೈಲು ತೆಗೆದು ನನ್ನ ಮುಂದೆ ಹಿಡಿದ. “ನೀವೇ ಹೌದು ಅಂತ ಹಾಕಿದ್ದೀರಲ್ಲ ಮೇಡಂ. ಇದು ನಿಮ್ಮದೇ ಸೈನಲ್ವಾ?” ನನ್ನದೇ. “ಈಗ ಇಲ್ಲ ಅಂತೀರಾ? ಹಾಗಿದ್ರೆ ಹಿಂದೆ ಕೊಟ್ಟ ವರದಿ ಸುಳ್ಳು ಅಂತ ಬರ್ಕೊಡಿ, ಮೇಲಕ್ಕೆ ಕಳಿಸ್ತೀನಿ.” ಆ ಮನುಷ್ಯನ ಮುಖಕ್ಕೆ ಫೈಲು ಎಸೆಯುವಷ್ಟು ಸಿಟ್ಟು ಬಂತು. ಆದರೆ ಅವನದೇನು ತಪ್ಪು? ಬಾಯಿ ಮುಚ್ಚಿಕೊಂಡು ಬಂದೆ. ನಾನು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲಿರಬೇಕು.

ಬರೆದುಕೊಡುವ ಬದಲು ಇಂಟರ್ನೆಟ್ಟೇ ತಂದುಬಿಡೋಣ ಅಂತ ಹೊರಟೆ. ಕಂಪನಿಯ ಗೇಟಿಗೆ ಹೋದೆ. ಸೆಕ್ಯುರಿಟಿಯವನು ಮೇಲ್ ಕಳಿಸಿ ಅಂದ. ಕಳಿಸಿದೆ. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು’ ಅಂತ ಉತ್ತರ ಬಂತು. ಆಸಕ್ತಿಯಂತೆ, ಆಸಕ್ತಿ! ನಮ್ಮ ಗೇಟಿನ ಮುಂದೆಯೇ ಆ ಹುಡುಗಿಯ ಅಪ್ಪನ ಗ್ಯಾಂಗು ಕಾಲುವೆ ತೋಡಿ, ಕಿತ್ತಳೆ ಬಣ್ಣದ ಪೈಪಿನಲ್ಲಿ ಇಂಟರ್ನೆಟ್ ಕೇಬಲ್ ಹೂಳುತ್ತಿತ್ತು. ಒಂದು ಎಳೆ ಈ ಕಡೆ ಕೊಡಿ ಅಂತ ಸೂಪರ್‌ವೈಸರನ್ನು ಕೇಳಿದೆ. ಅವನು ನಕ್ಷೆ ಬಿಚ್ಚಿ ತೋರಿಸಿದ. “ನಮ್ಮ ಡ್ರಾಯಿಂಗಲ್ಲಿ ಸ್ಕೂಲೇ ಇಲ್ಲ ಮೇಡಂ.” ನಿಜ. ನಮ್ಮ ಶಾಲೆ ಇದ್ದ ಜಾಗದಲ್ಲಿ ಖಾಲಿ ಬಿಳಿ ಕಾಗದ. ಆ ಹುಡುಗಿಯ ಅಪ್ಪ ಗುದ್ದಲಿ ಹಿಡಿದು ಸುಮ್ಮನೆ ಕೇಳಿಸಿಕೊಳ್ಳುತ್ತಾ ನಿಂತಿದ್ದ.

ಕೊನೆಗೆ ಕೈ ಹಿಡಿದವರು ಪಕ್ಕದ ಪಿಜಿ ಮಾಲೀಕರು. ಆ ಊರಿನ ಮೂಲದ ಗೌಡರು, ರಾಗಿ ಹೊಲ ಇದ್ದ ಜಾಗದಲ್ಲಿ ಐದು ಮಹಡಿ ಎಬ್ಬಿಸಿ ಸಾಫ್ಟ್‌ವೇರ್ ಹುಡುಗರನ್ನು ತುಂಬಿದ್ದರು. “ಅಯ್ಯೋ, ಅದಕ್ಯಾಕ್ ಇಂಗ್ ಒದ್ದಾಡ್ತೀರಾ ಮೇಡಂ? ನಮ್ ಮಾಳಿಗೆ ಮ್ಯಾಗ್ಲಿಂದ ಒಂದ್ ವೈರ್ ಎಳ್ಕಳಿ. ನಾನೂ ಆ ಇಸ್ಕೂಲ್ನಾಗೇ ಓದಿದ್ದು.” ಬುಧವಾರ ಮಧ್ಯಾಹ್ನ ವೈರು ಎಳೆಸಿದೆವು. ಕಬ್ಬಿಣದ ಪೆಟ್ಟಿಗೆಯಲ್ಲಿ ಮೊದಲ ಸಲ ಹಸಿರು ದೀಪ ಪಟಪಟ ಅಂತು. ಹನ್ನೆರಡೂ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆ ಹುಡುಗಿಯನ್ನು ಕರೆದು ತೋರಿಸಿದೆ. ಹೆಡ್‌ಮಾಸ್ಟರು ಪೆಟ್ಟಿಗೆಗೆ ಊದುಕಡ್ಡಿ ಹಚ್ಚಿದರು. ಅವತ್ತು ನಾನು ನಕ್ಕೆ.

ಪರೀಕ್ಷೆ ಇದ್ದದ್ದು ಭಾನುವಾರ.

ಬುಧವಾರ ಮಧ್ಯಾಹ್ನ ಪಿಜಿ ಖಾಲಿ ಇರುತ್ತದೆ, ಹುಡುಗರೆಲ್ಲ ಆಫೀಸಿನಲ್ಲಿರುತ್ತಾರೆ ಅಂತ ನನ್ನ ಮಂಡೆಗೆ ಹೊಳೆಯಲಿಲ್ಲ. ಭಾನುವಾರ ಐದೂ ಮಹಡಿಯವರು ಹಾಸಿಗೆ ಬಿಟ್ಟೇಳದೆ ಕ್ರಿಕೆಟ್ಟು, ಸಿನಿಮಾ ಹಾಕಿಕೊಂಡು ಬಿದ್ದಿರುತ್ತಾರೆ. ಲೆಕ್ಕದ ಟೀಚರು ನಾನು! ಇಷ್ಟು ಲೆಕ್ಕ ಮಾಡಲಿಲ್ಲ.

ಹತ್ತು ಗಂಟೆಗೆ ಹನ್ನೊಂದು ಮಕ್ಕಳು ಕೂತರು. ಮೊದಲ ಪ್ರಶ್ನೆ ಬಂತು. ಎರಡನೆಯದು ಬರುವಷ್ಟರಲ್ಲಿ ಒಂದು ಪುಟ ನೋಟ್ಸು ಬರೆಯಬಹುದಿತ್ತು. ಮೂರನೆಯದಕ್ಕೆ ಒಂದು ಬಿಳಿ ಚಕ್ರ ತಿರುಗತೊಡಗಿತು. ಮೂಲೆಯಲ್ಲಿ ಉಳಿದ ಸಮಯ ಮಾತ್ರ ನಿಲ್ಲದೆ ಇಳಿಯುತ್ತಿತ್ತು. ನಾನು ಪಿಜಿಗೆ ಓಡಿದೆ. ಗೌಡರು ತಲೆ ಕೆರೆದುಕೊಂಡರು. “ಆಫ್ ಮಾಡಿದ್ರೆ ಎಲ್ಲಾ ನನ್ ಮ್ಯಾಲೇ ಬೀಳ್ತಾರಲ್ಲಮ್ಮ. ನೀವೇ ಒಂದ್ಮಾತು ಕೇಳ್ನೋಡಿ.” ಒಂದೊಂದು ಬಾಗಿಲೂ ಬಡಿದೆ. ಬನಿಯನ್ನಿನಲ್ಲಿ ಬಂದವರು, ಟವೆಲ್ಲಿನಲ್ಲಿ ಬಂದವರು, ಬರದೇ ಒಳಗಿಂದಲೇ ‘ಯಾರು?’ ಅಂದವರು. “ಎರಡು ಗಂಟೆ ನಿಲ್ಲಿಸ್ರಪ್ಪಾ, ಮಕ್ಕಳ ಪರೀಕ್ಷೆ” ಅಂತ ಕಿರುಚಿದೆ. ಕೆಲವರು ನಿಲ್ಲಿಸಿದರು. ಒಬ್ಬ, “ಏಯ್ಟಿ ಪರ್ಸೆಂಟ್ ಡೌನ್‌ಲೋಡ್ ಆಗಿದೆ ಮೇಡಂ, ಈಗ ಬಿಟ್ರೆ ಮತ್ತೆ ಮೊದಲಿಂದ” ಅಂದು ಬಾಗಿಲು ಹಾಕಿದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ಎದುರು ಸಿಕ್ಕರೆ ಇವತ್ತಿಗೂ ಬಿಡುವವಳಲ್ಲ.

ಮಹಡಿ ಇಳಿದು ವಾಪಸ್ ಬಂದಾಗ ಆ ಹುಡುಗಿ ಮೌಸಿನ ಮೇಲೆ ಕೈಯಿಟ್ಟು ಚಕ್ರವನ್ನೇ ನೋಡುತ್ತಾ ಕೂತಿದ್ದಳು. ಪಕ್ಕದ ರಫ್ ಹಾಳೆಯಲ್ಲಿ ಏಳನೇ ಪ್ರಶ್ನೆಯ ಉತ್ತರ ಯಾವಾಗಲೋ ಬರೆದಿಟ್ಟಿದ್ದಳು. ಸಮಯ ಮುಗಿಯಿತು. ಅವಳು ಉತ್ತರಿಸಿದ್ದು ಅರವತ್ತರಲ್ಲಿ ಏಳು. ಏಳೂ ಸರಿ. ‘ನಿಮ್ಮ ಪರೀಕ್ಷೆ ಯಶಸ್ವಿಯಾಗಿ ಪೂರ್ಣಗೊಂಡಿದೆ’ ಅಂತ ಪರದೆಯ ಮೇಲೆ ಬಂತು.

ಟ್ರಸ್ಟಿನವರಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಜಗಳ ಆಡಿದೆ. ಅವರು ತಾಳ್ಮೆಯಿಂದಲೇ ಹೇಳಿದರು: ಪೇಪರಿನ ಮೇಲೆ ಇನ್ನೊಂದು ಪರೀಕ್ಷೆ ಇದೆ, ಹತ್ತು ದಿನದೊಳಗೆ ಶಾಲೆಯವರು ‘ನಮ್ಮಲ್ಲಿ ಇಂಟರ್ನೆಟ್ ಇಲ್ಲ, ಹಿಂದಿನ ವರದಿ ತಪ್ಪು’ ಅಂತ ಲಿಖಿತವಾಗಿ ಕೊಟ್ಟರೆ ಮಕ್ಕಳನ್ನು ಅದಕ್ಕೆ ಕೂರಿಸುತ್ತೇವೆ ಅಂತ. ಒಂದು ಹಾಳೆ. ನಾಲ್ಕು ಸಾಲು.

ಹೆಡ್‌ಮಾಸ್ಟರು ಕೈ ಮುಗಿದರು. “ಇನ್ನು ಮೂರು ತಿಂಗಳಿಗೆ ರಿಟೈರ್ ಆಗ್ತಿದ್ದೀನಮ್ಮ. ಸುಳ್ಳು ವರದಿ ಅಂತ ಎನ್‌ಕ್ವೈರಿ ಕೂತ್ರೆ ನನ್ನ ಗತಿ ಏನು? ನಿಂದೂ ಸಹಿ ಇದೆ ಅದರಲ್ಲಿ, ಮರೀಬೇಡ.”

ಮರೆತಿರಲಿಲ್ಲ. ಆ ಪತ್ರ ನಾನು ಬರೆದೆ, ಸುಳ್ಳು ಹೇಳುವುದಿಲ್ಲ. ಬರೆದು, ಮಡಚಿ, ಬ್ಯಾಗಿನಲ್ಲಿಟ್ಟುಕೊಂಡು ದಿನಾ ಕಾಡುಗೋಡಿಯಿಂದ ಶಾಲೆಗೆ, ಶಾಲೆಯಿಂದ ಕಾಡುಗೋಡಿಗೆ ಓಡಾಡಿದೆ. ಪಾಪ, ವಯಸ್ಸಾದವರು, ಅವರಿಗೆ ತೊಂದರೆ ಆಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಅದು ಬರೀ ನೆಪ. ನನಗೆ ಹೆದರಿಕೆ ಆಗಿತ್ತು. ಸಸ್ಪೆಂಡ್ ಮಾಡುತ್ತಾರೆ, ಯಾವುದೋ ಮೂಲೆಗೆ ಎತ್ತಿ ಹಾಕುತ್ತಾರೆ, ನನ್ನ ಮಗಳ ಸ್ಕೂಲು ಏನಾಗುತ್ತದೆ, ಅಂತ. ಊರವರ ಮೇಲೆಲ್ಲ ಹಾರಾಡುವ ನನ್ನ ಬಾಯಿ ಹತ್ತು ದಿನ ಸತ್ತು ಹೋಗಿತ್ತು. ಹನ್ನೊಂದನೇ ದಿನವೂ ಬಂತು, ಪತ್ರ ಬ್ಯಾಗಿನಲ್ಲೇ ಇತ್ತು.

ಹತ್ತನೇ ಕ್ಲಾಸಿನ ಫಲಿತಾಂಶ ಬಂದ ಮೇಲೆ ಅವಳು ಟಿಸಿ ತೆಗೆದುಕೊಳ್ಳಲು ಬಂದಳು. ಶಾಲೆಗೇ ಮೊದಲಿಗಳು. ಅಪ್ಪ ಗೇಟಿನ ಹೊರಗೆ ಗಂಟುಮೂಟೆ ಹಾಕಿದ ಟೆಂಪೋ ಪಕ್ಕ ನಿಂತಿದ್ದ. ನಾನು ತಲೆ ಎತ್ತದೆ ಟಿಸಿ ತುಂಬುತ್ತಿದ್ದೆ.

“ಟೀಚರ್, ನಮ್ಮಪ್ಪ ಟ್ರಸ್ಟಿನ ಆಫೀಸಿಗೆ ಹೋಗಿದ್ನರಿ,” ಅಂದಳು. “ನಿಮ್ಮ ಸಾಲಿಯಾಗ ಇಂಟರ್ನೆಟ್ ಐತಿ ಅಂತ ನಿಮ್ಮೋರೇ ಬರದ ಕೊಟ್ಟಾರ ಅಂದ್ರಂತ. ಯಾರ್ರೀ ಟೀಚರ್ ಬರದವರು?”

ಪೆನ್ನು ನಿಂತಿತು. ಅವಳ ಮುಖ ನೋಡಿದೆ. ಸಿಟ್ಟಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಬೇಕಿತ್ತು ಅವಳಿಗೆ.

“ಗೊತ್ತಿಲ್ಲಮ್ಮ,” ಅಂದೆ.

ಅವಳು ತಲೆಯಾಡಿಸಿದಳು. ಟಿಸಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

“ನನಗ ಗೊತ್ತೈತ್ರಿ ಟೀಚರ್. ನಿಮಗೇನರ ಗೊತ್ತಾಗಿದ್ರ ನೀವು ಅವರನ್ನ ಸುಮ್ನ ಬಿಡ್ತಿದ್ದಿಲ್ರಿ.”

“ಹೂಂ,” ಅಂದೆ.